ಸಿನಾಪ್ಸಿಸ್ ಹಸಿಯಿರುವಾಗಲೇ ತೋರಿಸಿ

ಪಿಎಚ್‌ಡಿಗೆ ಸೇರಿದವರು ಸಿನಾಪ್ಸಿಸ್ ಅನ್ನು, ಅಂದರೆ ಸಂಶೋಧನೆಯ ಯೋಜನೆ ಬರೆದ ಕರಡನ್ನು, ಸಾಮಾನ್ಯವಾಗಿ ಎರಡೇ ಕಡೆ ತೋರಿಸುತ್ತಾರೆ. ಮೊದಲು ಗೈಡ್‌ಗೆ, ಆಮೇಲೆ ಸಮಿತಿಗೆ. ಪಕ್ಕದ ಮೇಜಿನಲ್ಲೇ ಕೂತು ಬೇರೊಂದು ವಿಷಯದ ಜೊತೆ ಗುದ್ದಾಡುತ್ತಿರುವವರಿಗೆ ತೋರಿಸುವುದಿಲ್ಲ. ಕೇಳಿದರೆ "ಇನ್ನೂ ಸರಿಯಾಗಿಲ್ಲ, ಆಮೇಲೆ ಕೊಡ್ತೇನೆ" ಅನ್ನುತ್ತಾರೆ. ಎಲ್ಲ ಸರಿಯಾದ ಮೇಲೆ ತೋರಿಸಿದರೆ ಓದುವವರಿಗೆ ಹೇಳಲಿಕ್ಕೆ ಏನು ಉಳಿದಿರುತ್ತದೆ? ಕಾಗುಣಿತ ತಿದ್ದಬಹುದು, ಅಷ್ಟೇ. ಯೋಜನೆ ಇನ್ನೂ ಹಸಿಯಿರುವಾಗ, ನಾಲ್ಕೈದು ಪುಟ ಇರುವಾಗ, ಹರಿದು ಬಿಸಾಡಿದರೂ ಹೊಟ್ಟೆ ಉರಿಯದೆ ಇರುವಾಗ ತೋರಿಸಬೇಕು. ಅದೂ ನಮ್ಮ ಜೊತೆಯವರಿಗೆ.

ನಾನು ಉಡುಪಿಯಲ್ಲಿ ಪಾಠ ಮಾಡಿಕೊಂಡೇ ಪಾರ್ಟ್‌ಟೈಮ್ ಪಿಎಚ್‌ಡಿ ಮಾಡುತ್ತಿರುವವಳು. ನಮ್ಮದೊಂದು ಸಣ್ಣ ಗುಂಪಿದೆ. ಅರ್ಥಶಾಸ್ತ್ರದ ಗೆಳತಿಯೊಬ್ಬಳು, ಮಣಿಪಾಲದಲ್ಲಿ ನರ್ಸಿಂಗ್ ಕಲಿಸುವ ಅಕ್ಕ ಒಬ್ಬರು, ಸ್ಟ್ಯಾಟಿಸ್ಟಿಕ್ಸ್ ಸರ್ ಒಬ್ಬರು, ಕಲಬುರಗಿಯಿಂದ ಬಂದು ಮಂಗಳೂರಿನಲ್ಲಿ ಮೀನುಗಾರರ ಬದುಕಿನ ಮೇಲೆ ಕೆಲಸ ಮಾಡುತ್ತಿರುವ ಹುಡುಗ ಒಬ್ಬ. ನಮ್ಮ ವಿಷಯ ಒಂದಲ್ಲ, ಗೈಡ್ ಒಬ್ಬರಲ್ಲ, ವಿಶ್ವವಿದ್ಯಾಲಯವೂ ಒಂದಲ್ಲ. ಶನಿವಾರ ಮಧ್ಯಾಹ್ನ ಕ್ಲಾಸ್ ಬಿಟ್ಟ ಮೇಲೆ ಖಾಲಿ ಕೋಣೆಯೊಂದರಲ್ಲಿ ಕೂರುತ್ತೇವೆ. ಯಾರಾದರೊಬ್ಬರು ಬನ್ಸ್ ತರುತ್ತಾರೆ. ಒಂದು ಸಲಕ್ಕೆ ಒಬ್ಬರದೇ ಯೋಜನೆ. ಅದನ್ನು ಉಳಿದವರು ಎರಡು ದಿನ ಮೊದಲೇ ಓದಿಕೊಂಡು ಬರಬೇಕು.

ಇದರಿಂದ ಏನಾಗುತ್ತದೆ ಅಂತ ಸುಮ್ನೆ ಹೇಳಿದರೆ ಗೊತ್ತಾಗುವುದಿಲ್ಲ. ಅರ್ಥಶಾಸ್ತ್ರದ ಗೆಳತಿಯ ಒಪ್ಪಿಗೆ ಕೇಳಿಯೇ ಅವಳ ಯೋಜನೆಯ ಬಗ್ಗೆ ಇಲ್ಲಿ ಬರೆಯುತ್ತಿದ್ದೇನೆ.

ಅವಳ ವಿಷಯ ಮಲ್ಲಿಗೆ. ಕಾಪು ತಾಲೂಕಿನ ಶಂಕರಪುರ, ಅದರ ಸುತ್ತಲಿನ ಊರುಗಳಲ್ಲಿ ಮನೆಯ ಹಿತ್ತಿಲಲ್ಲೇ ಮಲ್ಲಿಗೆ ಬೆಳೆಯುತ್ತಾರೆ. ಜಿಐ ಟ್ಯಾಗ್ ಇರುವ ನಮ್ಮ ಉಡುಪಿ ಮಲ್ಲಿಗೆ. ಬೆಳಿಗ್ಗೆ ಬೇಗ ಮೊಗ್ಗು ಕೊಯ್ದು, ಎಣಿಸಿ, ಬಾಳೆನಾರಿನಲ್ಲಿ ಕಟ್ಟಿ ಕಟ್ಟೆಗೆ, ಅಂದರೆ ಹೂ ಕೊಳ್ಳುವ ಜಾಗಕ್ಕೆ, ಮುಟ್ಟಿಸಬೇಕು. 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಅಂದರೆ ಒಂದು ಅಟ್ಟೆಯಲ್ಲಿ 3,200 ಹೂ ಇರುತ್ತವೆ. ರೇಟ್ ದಿನಾ ಬದಲಾಗುತ್ತದೆ. ಈ ಹೂ ಕಟ್ಟುವ ಕೆಲಸ ಜಾಸ್ತಿ ಮಾಡುವುದು ಹೆಂಗಸರು. ಆ ದುಡಿಮೆ ಮನೆಯ ಲೆಕ್ಕದಲ್ಲಿ ಕಾಣುತ್ತದಾ, ಗೊಬ್ಬರ ನೀರಿನ ಖರ್ಚು ಬರೆದಿಡುವವರು ಈ ಸಮಯವನ್ನೂ ಖರ್ಚು ಅಂತ ಹಿಡಿಯುತ್ತಾರಾ? ಇದು ಅವಳ ಪ್ರಶ್ನೆ. ಒಳ್ಳೆಯ ಪ್ರಶ್ನೆ. ಗೈಡ್ ಕೂಡ ಮೆಚ್ಚಿಕೊಂಡಿದ್ದರು. ಉದ್ದೇಶಗಳು, ಹಿಂದಿನ ಅಧ್ಯಯನಗಳು, ಸಿದ್ಧಾಂತ ಎಲ್ಲ ನೋಡಿ ಸೈ ಅಂದಿದ್ದರು.

ಯೋಜನೆಯ ಕೊನೆಗೆ ಪ್ರಶ್ನಾವಳಿ ಇತ್ತು. ಅದರಲ್ಲೊಂದು ಪ್ರಶ್ನೆ ಹೀಗಿತ್ತು: ನೀವು ದಿನಕ್ಕೆ ಸರಾಸರಿ ಎಷ್ಟು ಗಂಟೆ ಹೂ ಕಟ್ಟುತ್ತೀರಿ?

ನರ್ಸಿಂಗ್ ಅಕ್ಕನ ತಾಯಿಮನೆಯಲ್ಲಿ ಮಲ್ಲಿಗೆ ಇದೆ. ಅವರು ಆ ಪುಟಕ್ಕೆ ಬೆರಳಿಟ್ಟು ಕೇಳಿದರು. "ಹೂ ಕಟ್ಟಲಿಕ್ಕೆ ಅಂತಲೇ ಯಾರು ಕೂತ್ಕೊಳ್ತಾರೆ ಮಾರಾಯ್ತಿ? ಒಲೆ ಮೇಲೆ ಅನ್ನ ಉಂಟು, ಎದುರಿಗೆ ಮಗು ಓದ್ತಾ ಉಂಟು, ಕೈ ಹೂವಿನಲ್ಲಿ ಉಂಟು. ಎಷ್ಟು ಗಂಟೆ ಅಂತ ಕೇಳಿದ್ರೆ ನನ್ನ ಅಮ್ಮ ಎಂತ ಹೇಳುದು? ಒಂದು ಗಂಟೆ ಅಂತ ಹೇಳಿ ಬಿಡ್ತಾರೆ ಅಷ್ಟೆ."

ಸ್ವಲ್ಪ ಹೊತ್ತು ಬಿಟ್ಟು ಅವರೇ ದಾರಿಯನ್ನೂ ಹೇಳಿದರು. "ಗಂಟೆ ಕೇಳಬೇಡ. ನಿನ್ನೆ ಎಷ್ಟು ಚೆಂಡು ಆಯ್ತು, ಯಾರ್ಯಾರು ಕೈ ಹಾಕಿದ್ರು, ಎಷ್ಟೊತ್ತಿಗೆ ಕೂತ್ರಿ, ಎಷ್ಟೊತ್ತಿಗೆ ಎದ್ರಿ, ನಡುವೆ ಎಂತ ಮಾಡಿದ್ರಿ, ಅದನ್ನು ಕೇಳು."

ಈ ಮಾತು ಕೇಳಿದ ಮೇಲೆ ಸ್ಟ್ಯಾಟಿಸ್ಟಿಕ್ಸ್ ಸರ್‌ಗೆ ನೆನಪಾದದ್ದು ಕೇಂದ್ರ ಸರ್ಕಾರ 2019ರಲ್ಲಿ ದೇಶದಾದ್ಯಂತ ನಡೆಸಿದ ಸಮಯ ಬಳಕೆಯ ಸಮೀಕ್ಷೆ. ಅಲ್ಲೂ "ಸರಾಸರಿ ಎಷ್ಟು ಗಂಟೆ" ಅಂತ ಕೇಳಿಲ್ಲ. ಹಿಂದಿನ ದಿನ ಬೆಳಗಿನ ಜಾವ 4 ಗಂಟೆಯಿಂದ ಈ ದಿನದ 4 ಗಂಟೆಯವರೆಗೆ, 30 ನಿಮಿಷಕ್ಕೊಂದು ತುಂಡು ಮಾಡಿ, ಒಂದೊಂದರಲ್ಲೂ ಏನು ಮಾಡಿದಿರಿ ಅಂತ ಕೇಳಿದ್ದಾರೆ. ಒಂದೇ ತುಂಡಿನಲ್ಲಿ ಎರಡು ಕೆಲಸ ಒಟ್ಟಿಗೆ ನಡೆದಿದ್ದರೆ ಅದನ್ನೂ ಬರೆದುಕೊಳ್ಳುವ ವ್ಯವಸ್ಥೆ ಇದೆ. ನಮ್ಮ ಅಕ್ಕ ಈ ಸಮೀಕ್ಷೆಯ ಕೈಪಿಡಿ ಓದಿದವರಲ್ಲ. ತಾಯಿಯ ಕೈ ನೋಡುತ್ತಾ ಬೆಳೆದವರು, ಆದ್ದರಿಂದ ಅದೇ ಜಾಗಕ್ಕೆ ಬಂದು ಮುಟ್ಟಿದರು. ಗೆಳತಿಗೆ ಇಬ್ಬರೂ ಬೇಕಾದರು. ಒಬ್ಬರು ಪ್ರಶ್ನೆ ಯಾಕೆ ನಿಲ್ಲುವುದಿಲ್ಲ ಅಂತ ತೋರಿಸಿದರು, ಇನ್ನೊಬ್ಬರು ಅದಕ್ಕೆ ಒಪ್ಪಿತವಾದ ವಿಧಾನ ಇದೆ ಅಂತ ತೋರಿಸಿದರು.

ಅಲ್ಲಿಂದ ಮಾತು ಹೊರಳಿದ್ದು ಕಾಲದ ಕಡೆಗೆ. ಬೇಸಿಗೆಯಲ್ಲಿ ಹೂ ರಾಶಿ ರಾಶಿ, ರೇಟ್ ಕೆಳಗೆ. ಮಳೆಗಾಲದಲ್ಲಿ ಹೂ ಕಮ್ಮಿ, ರೇಟ್ ಮೇಲೆ. ಗೆಳತಿ ಏಪ್ರಿಲ್, ಮೇ ರಜೆಯಲ್ಲಿ ಫೀಲ್ಡ್‌ವರ್ಕ್ ಇಟ್ಟುಕೊಂಡಿದ್ದಳು. ಕಾಲೇಜಿನಲ್ಲಿ ಪಾಠ ಮಾಡುವ ಯಾರೇ ಆದರೂ ಹಾಗೇ ಇಟ್ಟುಕೊಳ್ಳುತ್ತಾರೆ, ರಜೆ ಸಿಗುವುದೇ ಆಗ. ಆದರೆ ಆಗ ಕೇಳಿದರೆ ಸಿಗುವುದು ದುಡಿಮೆ ಅತಿ ಜಾಸ್ತಿ, ದುಡ್ಡು ಅತಿ ಕಮ್ಮಿ ಇರುವ ತಿಂಗಳುಗಳ ಚಿತ್ರ ಮಾತ್ರ. ಅದನ್ನೇ ವರ್ಷದ ಚಿತ್ರ ಅಂತ ಬರೆದರೆ ತಪ್ಪಾಗುತ್ತದೆ. ಹಾಗಾಗಿ ಮನೆಗಳ ಸಂಖ್ಯೆ ಕಮ್ಮಿ ಮಾಡಿ, ಅದೇ ಮನೆಗಳಿಗೆ ಬೇಸಿಗೆಯಲ್ಲಿ ಒಮ್ಮೆ, ಮಳೆಗಾಲದಲ್ಲಿ ಇನ್ನೊಮ್ಮೆ ಹೋಗುವುದು ಅಂತಾಯಿತು. ಕೆಲಸ ಅಷ್ಟೇ, ಗೊತ್ತಾಗುವುದು ಜಾಸ್ತಿ.

ಕೊನೆಯದು ಸ್ಯಾಂಪಲ್. ಒಂದೇ ಕಟ್ಟೆಗೆ ಹೂ ಕೊಡುವ ಮನೆಗಳನ್ನೇ ಆರಿಸಿಕೊಂಡರೆ ಸುಲಭ, ಒಬ್ಬರು ಇನ್ನೊಬ್ಬರ ಮನೆ ತೋರಿಸುತ್ತಾರೆ. ಆದರೆ ಅವರೆಲ್ಲ ಒಂದೇ ಕಡೆ ಮಾರುತ್ತಾರೆ, ಒಂದೇ ಸುದ್ದಿ ಕೇಳುತ್ತಾರೆ, ಒಬ್ಬರನ್ನು ನೋಡಿ ಇನ್ನೊಬ್ಬರು ಕಲಿತಿರುತ್ತಾರೆ. ಅವರ ಉತ್ತರಗಳೂ ಒಂದಕ್ಕೊಂದು ಹತ್ತಿರ ಇರುತ್ತವೆ. ಇಪ್ಪತ್ತು ಮನೆ ಕೇಳಿದಂತೆ ಕಂಡರೂ ಅದರಿಂದ ಸಿಗುವ ತಿಳಿವಳಿಕೆ ಇಪ್ಪತ್ತು ಬೇರೆ ಬೇರೆ ಮನೆಯದಾಗಿರುವುದಿಲ್ಲ. ಬೇರೆ ಬೇರೆ ಕಟ್ಟೆಗಳಿಂದ ಕೆಲವೇ ಮನೆ ತೆಗೆದುಕೊಂಡರೆ ಓಡಾಟ ಜಾಸ್ತಿ, ಆದರೆ ಮಾತಿಗೆ ತೂಕ ಬರುತ್ತದೆ. ಸರ್ ಇದನ್ನು ಒಂದು ಸೂತ್ರವನ್ನೂ ಬರೆಯದೆ ಹೇಳಿದರು. ಗುಂಪಿನಲ್ಲಿ ಬೇರೆ ಬೇರೆ ವಿಷಯದವರು ಇದ್ದರೆ ಇದೊಂದು ಲಾಭ. ಎಲ್ಲರಿಗೂ ಅರ್ಥವಾಗುವ ಮಾತಿನಲ್ಲಿ ಹೇಳಲೇಬೇಕಾಗುತ್ತದೆ.

ಇಷ್ಟೂ ಬದಲಾವಣೆ ಆದದ್ದು ಒಬ್ಬರ ಮನೆಗೂ ಹೋಗುವ ಮೊದಲು. ನನಗೆ ಮುಖ್ಯ ಅನಿಸುವುದು ಇದೇ. ರೊನಾಲ್ಡ್ ಫಿಶರ್ ಅನ್ನುವ ದೊಡ್ಡ ಸಂಖ್ಯಾಶಾಸ್ತ್ರಜ್ಞ 1938ರಲ್ಲಿ ಕೋಲ್ಕತ್ತಾಕ್ಕೆ ಬಂದಿದ್ದಾಗ ಭಾರತೀಯ ಸಂಖ್ಯಾಶಾಸ್ತ್ರ ಸಮ್ಮೇಳನದ ಅಧ್ಯಕ್ಷ ಭಾಷಣದಲ್ಲಿ ಹೇಳಿದ ಮಾತೊಂದಿದೆ. ಪ್ರಯೋಗ ಮುಗಿದ ಮೇಲೆ ಸಂಖ್ಯಾಶಾಸ್ತ್ರಜ್ಞನನ್ನು ಕರೆಯುವುದೆಂದರೆ ಹೆಣದ ಪರೀಕ್ಷೆ ಮಾಡಿಸಿದ ಹಾಗೆ, ಯಾವುದರಿಂದ ಸತ್ತಿತು ಅಂತ ಅವನು ಹೇಳಿಯಾನು, ಅಷ್ಟೇ, ಅನ್ನುವ ಅರ್ಥದ ಮಾತು. ನಮ್ಮ ದೇಶದಲ್ಲೇ ಆಡಿದ ಮಾತು. ಆದರೂ ನಮ್ಮಲ್ಲಿ ಎಷ್ಟು ಜನ ಡೇಟಾ ಎಲ್ಲ ಕಲೆಹಾಕಿ, ಎಕ್ಸೆಲ್‌ಗೆ ತುಂಬಿಸಿ, ಆಮೇಲೆ "ಇದಕ್ಕೆ ಯಾವ ಟೆಸ್ಟ್ ಹಾಕ್ಬೇಕು ಸರ್?" ಅಂತ ಕೇಳಿಕೊಂಡು ಹೋಗುತ್ತಾರೆ!

ಈಗ ಕೆಲವು ವಿಜ್ಞಾನ ಪತ್ರಿಕೆಗಳೂ ಈ ದಾರಿಗೆ ಬಂದಿವೆ. 2013ರಲ್ಲಿ ಕಾರ್ಟೆಕ್ಸ್ ಅನ್ನುವ ಪತ್ರಿಕೆ ರಿಜಿಸ್ಟರ್ಡ್ ರಿಪೋರ್ಟ್ ಅನ್ನುವ ಪದ್ಧತಿ ಶುರು ಮಾಡಿತು. ಸಂಶೋಧಕರು ಪ್ರಶ್ನೆ ಮತ್ತು ವಿಧಾನವನ್ನು ಮಾತ್ರ ಬರೆದು ಕಳಿಸುತ್ತಾರೆ. ಡೇಟಾ ಇನ್ನೂ ಇರುವುದಿಲ್ಲ. ಅದೇ ಕ್ಷೇತ್ರದವರು ಓದಿ ತಿದ್ದಿಸುತ್ತಾರೆ. ಯೋಜನೆ ಗಟ್ಟಿ ಅನಿಸಿದರೆ, ಅದರಂತೆ ನಡೆದುಕೊಂಡರೆ ಫಲಿತಾಂಶ ಏನೇ ಬರಲಿ, ಪ್ರಕಟಿಸುತ್ತೇವೆ ಅಂತ ಪತ್ರಿಕೆ ಮೊದಲೇ ಮಾತು ಕೊಡುತ್ತದೆ. ಈಗ 300ಕ್ಕೂ ಹೆಚ್ಚು ಪತ್ರಿಕೆಗಳಲ್ಲಿ ಇದು ಇದೆ. ನಾವು ಖಾಲಿ ಕ್ಲಾಸ್‌ರೂಮಿನಲ್ಲಿ ಮಾಡುತ್ತಿರುವುದರ ತಿರುಳೂ ಅದೇ. ತಿದ್ದಲು ಸಾಧ್ಯವಿರುವಾಗ ತಿದ್ದುವುದು.

ಹಾಗಾದರೆ ಸಮಿತಿ ಯಾಕಿದೆ ಅಂತ ಕೇಳಬಹುದು. ಯುಜಿಸಿಯ 2022ರ ನಿಯಮದ ಪ್ರಕಾರ ಪ್ರತಿ ಸ್ಕಾಲರ್‌ಗೂ ಸಂಶೋಧನಾ ಸಲಹಾ ಸಮಿತಿ ಇರುತ್ತದೆ, ಸೆಮಿಸ್ಟರ್‌ಗೊಮ್ಮೆ ಅದರ ಮುಂದೆ ಕೆಲಸ ಒಪ್ಪಿಸಬೇಕು. ಸಮಿತಿ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅಲ್ಲಿ ಕೂತವರ ಕೈಯಲ್ಲಿ ನಮ್ಮ ಮುಂದಿನ ದಾರಿ ಇದೆ. ಹಾಗಾಗಿ ಗೊತ್ತಿರುವುದನ್ನು ಎತ್ತರದ ದನಿಯಲ್ಲಿ ಹೇಳುತ್ತೇವೆ, ಗೊತ್ತಿಲ್ಲದ್ದನ್ನು ಸ್ಲೈಡಿನಿಂದ ತೆಗೆದುಬಿಡುತ್ತೇವೆ. ಜೊತೆಯವರ ಎದುರು ಹಾಗಿಲ್ಲ. "ಈ ಭಾಗದಲ್ಲಿ ನನಗೆ ಸ್ವಲ್ಪವೂ ಧೈರ್ಯ ಇಲ್ಲ" ಅಂತ ಹೇಳಬಹುದು. ಆ ಒಂದು ವಾಕ್ಯ ಹೇಳಲು ಜಾಗ ಇಲ್ಲದೆ ಎಷ್ಟೋ ಯೋಜನೆಗಳು ಸೊರಗುತ್ತವೆ.

ಕಲಬುರಗಿಯ ಹುಡುಗನ ವಿಷಯದಲ್ಲಿ ಆದದ್ದು ಚಿಕ್ಕದು, ಆದರೆ ಹೇಳಲೇಬೇಕು. ಮಲ್ಪೆ ಬಂದರಿನಲ್ಲಿ ಟ್ರಾಲ್ ಬೋಟಿನ ಕೆಲಸಗಾರರನ್ನು ಮಾತಾಡಿಸುವುದು ಅವನ ಯೋಜನೆ. ವೇಳಾಪಟ್ಟಿಯಲ್ಲಿ ಜೂನ್, ಜುಲೈ ಬರೆದಿದ್ದ. ನಮಗೆಲ್ಲ ಓದುತ್ತಿದ್ದ ಹಾಗೆ ಕಣ್ಣಿಗೆ ಬಿತ್ತು. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ನಮ್ಮ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಬೋಟುಗಳು ದಕ್ಕೆಯಲ್ಲಿ ಕಟ್ಟಿಹಾಕಿರುತ್ತವೆ. ಒಡಿಶಾ, ಆಂಧ್ರ, ಜಾರ್ಖಂಡ್ ಕಡೆಯಿಂದ ಬಂದ ಕೆಲಸಗಾರರು ಊರಿಗೆ ಹೋಗಿರುತ್ತಾರೆ. ನಾಡದೋಣಿಯವರು ಮಾತ್ರ ಕಡಲಿಗೆ ಇಳಿಯುತ್ತಾರೆ. ಸಮುದ್ರ ಇಲ್ಲದ ಊರಿನಿಂದ ಬಂದವನಿಗೆ ಪುಸ್ತಕದಲ್ಲಿ ಓದಿದ ಈ ನಿಯಮ ತನ್ನ ವೇಳಾಪಟ್ಟಿಗೆ ತಗಲುತ್ತದೆ ಅಂತ ಹೊಳೆಯದೆ ಇರುವುದು ಸಹಜ. ಆದರೆ ಮಾತು ಅಲ್ಲಿಗೇ ನಿಲ್ಲಲಿಲ್ಲ. ಬೋಟಿನ ಮಾಲೀಕರು, ಬಲೆ ರಿಪೇರಿ ಮಾಡುವವರು ನಿರಾಳವಾಗಿ ಮಾತಿಗೆ ಸಿಗುವುದು ಆ ಎರಡು ತಿಂಗಳಲ್ಲೇ ಅಲ್ವಾ? ಹಾಗಾಗಿ ಅವರನ್ನು ಜೂನ್, ಜುಲೈಗೆ, ಕೆಲಸಗಾರರನ್ನು ಆಗಸ್ಟ್ ಆದ ಮೇಲೆ ಅಂತ ಇಟ್ಟುಕೊಂಡ. ನಿಷೇಧವೇ ಯೋಜನೆಯ ನಡುಗಂಬ ಆಯಿತು. ಊರಿನವರು ಗುಂಪಿನಲ್ಲಿ ಇದ್ದದ್ದಕ್ಕೆ ಇದು ಆಯಿತು.

ಇನ್ನು ಕೇಳುವ ರೀತಿ. "ಓದಿ ಹೇಗಿದೆ ಹೇಳಿ" ಅಂದರೆ "ಚೆನ್ನಾಗಿದೆ" ಅನ್ನುವ ಉತ್ತರ ಬರುತ್ತದೆ. ನಮ್ಮ ಕಡೆ ಮುಖದ ಮೇಲೆ ಚೆನ್ನಾಗಿಲ್ಲ ಅನ್ನುವವರು ಎಲ್ಲಿದ್ದಾರೆ? ಹಾಗಾಗಿ ಯೋಜನೆ ಕೊಡುವವರು ಅದರ ಮೇಲೆ ಎರಡೇ ಎರಡು ಪ್ರಶ್ನೆ ಬರೆದುಕೊಡಬೇಕು ಅಂತ ಮಾಡಿಕೊಂಡಿದ್ದೇವೆ. ಗೆಳತಿ ಬರೆದದ್ದು ಇಷ್ಟು: "ಈ ಪ್ರಶ್ನಾವಳಿಗೆ ನಿಮ್ಮ ಮನೆಯವರು ಉತ್ತರ ಕೊಡ್ತಾರಾ? ಎಲ್ಲಿ ತಡವರಿಸ್ತಾರೆ?" ಆ ಪ್ರಶ್ನೆ ಇದ್ದದ್ದಕ್ಕೇ ಅಕ್ಕ ತಾಯಿಯನ್ನು ನೆನೆಸಿಕೊಂಡು ಓದಿದರು. ಕೇಳಿದ್ದು ಎಷ್ಟು ನಿಖರವೋ ಬರುವ ಮಾತೂ ಅಷ್ಟು ನಿಖರ.

ಗ್ಯಾರಿ ಕ್ಲೈನ್ ಅನ್ನುವ ಮನಶ್ಶಾಸ್ತ್ರಜ್ಞ 2007ರಲ್ಲಿ ಪ್ರಚಾರಕ್ಕೆ ತಂದ ಒಂದು ಉಪಾಯವನ್ನೂ ನಾವು ಬಳಸುತ್ತೇವೆ. ಇಂಗ್ಲಿಷಿನಲ್ಲಿ ಪ್ರೀಮಾರ್ಟಮ್ ಅನ್ನುತ್ತಾರೆ. ಮೂರು ವರ್ಷ ಕಳೆದಿದೆ, ಈ ಸಂಶೋಧನೆ ಕೈಕೊಟ್ಟಿದೆ ಅಂತ ಅಂದುಕೊಳ್ಳಿ. ಯಾಕೆ ಕೈಕೊಟ್ಟಿತು? ಪ್ರತಿಯೊಬ್ಬರೂ ಮಾತಾಡದೆ ಚೀಟಿಯಲ್ಲಿ ಬರೆಯಬೇಕು. ಸೋಲು ಆಗಿಹೋಗಿದೆ ಅಂತ ಇಟ್ಟುಕೊಂಡಾಗ ಕಾರಣ ಹೇಳಲು ಯಾರಿಗೂ ಸಂಕೋಚ ಇರುವುದಿಲ್ಲ, ಟೀಕೆ ಮಾಡಿದಂತೆಯೂ ಆಗುವುದಿಲ್ಲ. ಇದರಲ್ಲಿ ನನಗೆ ಅತಿ ಇಷ್ಟವಾದದ್ದು ಚೀಟಿ. ನಮ್ಮಲ್ಲಿ ಹಿರಿಯರು ಮೊದಲು ಮಾತಾಡಿದರೆ ಉಳಿದವರು "ಹೌದು ಸರ್" ಅಂತ ತಲೆಯಾಡಿಸಿಬಿಡುತ್ತಾರೆ. ಮೊದಲು ಬರೆದು ಆಮೇಲೆ ಓದಿದರೆ ಕಿರಿಯವನ ಮಾತೂ ಹಿರಿಯರ ಮಾತಿನ ಪಕ್ಕದಲ್ಲೇ ಮೇಜಿನ ಮೇಲೆ ಇರುತ್ತದೆ.

ಎಲ್ಲ ಪ್ರತಿಕ್ರಿಯೆಯೂ ಒಳ್ಳೆಯದು ಮಾಡುತ್ತದೆ ಅಂತ ನಾನು ಹೇಳುವುದಿಲ್ಲ. ಕ್ಲೂಗರ್ ಮತ್ತು ಡಿನಿಸಿ ಅನ್ನುವ ಇಬ್ಬರು 1996ರಲ್ಲಿ ಹಿಂದಿನ ಅಧ್ಯಯನಗಳನ್ನೆಲ್ಲ ಒಟ್ಟು ಮಾಡಿ ನೋಡಿದರು. ಒಟ್ಟಾರೆ ಪ್ರತಿಕ್ರಿಯೆಯಿಂದ ಕೆಲಸ ಸುಧಾರಿಸಿತ್ತು, ನಿಜ. ಆದರೆ ಮೂರರಲ್ಲಿ ಒಂದಕ್ಕಿಂತ ಹೆಚ್ಚು ಸಲ ಕೆಲಸ ಕೆಟ್ಟಿತ್ತು! ಪ್ರತಿಕ್ರಿಯೆಯಿಂದ ಗಮನ ಕೆಲಸ ಬಿಟ್ಟು ನಮ್ಮ ಕಡೆಗೇ ತಿರುಗಿದಷ್ಟೂ ಅದರ ಫಲ ಕಮ್ಮಿ ಅಂತ ಅವರು ವಿವರಿಸಿದರು. ಇದು ನಿಜ ಅಂತ ನಮಗೆಲ್ಲ ಗೊತ್ತಿರುವುದೇ. "ನೀನು ಓದಿದ್ದು ಸಾಲದು" ಅಂದರೆ ಮನೆಗೆ ಹೋಗಿ ಮಲಗಬೇಕು ಅನಿಸುತ್ತದೆ. "ಮೂರನೇ ಪುಟದ ಈ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ" ಅಂದರೆ ಪೆನ್ನು ಹಿಡಿಯಬೇಕು ಅನಿಸುತ್ತದೆ. ಹೊಗಳಿಕೆಯೂ ಅಷ್ಟೇ. "ನೀನು ಜಾಣೆ" ಅನ್ನುವುದರಿಂದ ಪುಟ ಒಂದಿಂಚೂ ಮುಂದೆ ಹೋಗುವುದಿಲ್ಲ.

ವೇಷ ಹಾಕದೆ ಕೂತು ಮಾತಿನಲ್ಲೇ ಪಾತ್ರ ಕಟ್ಟುವ ನಮ್ಮ ತಾಳಮದ್ದಳೆ ಕೇಳಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಎದುರಿನ ಅರ್ಥಧಾರಿ ಪ್ರಶ್ನೆ ಹಾಕುವುದು ಪಾತ್ರಕ್ಕೆ, ಪಾತ್ರ ಮಾಡುವವರಿಗಲ್ಲ. ಆ ಪ್ರಶ್ನೆಗೆ ಉತ್ತರ ಕಟ್ಟುವಾಗ ಪಾತ್ರ ಬೆಳೆಯುತ್ತದೆ, ಇಬ್ಬರ ಗೆಳೆತನವೂ ಹಾಗೇ ಇರುತ್ತದೆ.

ಓದುವವರಿಗೂ ಇದರಲ್ಲಿ ಪಾಲಿದೆ. ಲಂಡ್‌ಸ್ಟ್ರಾಮ್ ಮತ್ತು ಬೇಕರ್ ಅನ್ನುವವರು 2009ರಲ್ಲಿ ಇಂಗ್ಲಿಷ್ ಬರವಣಿಗೆ ಕಲಿಯುವವರನ್ನು ಎರಡು ಗುಂಪು ಮಾಡಿ ನೋಡಿದ್ದರು. ಒಂದು ಗುಂಪು ಬೇರೆಯವರ ಬರಹ ಓದಿ ಸಲಹೆ ಕೊಡುವುದನ್ನು ಮಾತ್ರ ಕಲಿಯಿತು, ಇನ್ನೊಂದು ಸಲಹೆ ಪಡೆದು ತಿದ್ದುವುದನ್ನು ಮಾತ್ರ. ಸೆಮಿಸ್ಟರ್ ಮುಗಿದಾಗ ಸ್ವಂತ ಬರಹ ಜಾಸ್ತಿ ಸುಧಾರಿಸಿದ್ದು ಸಲಹೆ ಕೊಟ್ಟವರದ್ದು. ನನ್ನ ಅನುಭವವೂ ಹಾಗೇ. ಮಲ್ಲಿಗೆಯ ಪ್ರಶ್ನಾವಳಿಯ ಚರ್ಚೆ ಆದ ಮೇಲೆ ನಾನು ನನ್ನ ಪ್ರಶ್ನಾವಳಿಯಲ್ಲಿ "ಸಾಮಾನ್ಯವಾಗಿ", "ಸರಾಸರಿ" ಅಂತ ಇರುವಲ್ಲೆಲ್ಲ ನಿಂತು ನೋಡುತ್ತೇನೆ. ಬೇರೆಯವರ ಯೋಜನೆ ಓದಲು ಗುಂಪೇ ಬೇಕು ಅಂತಲೂ ಇಲ್ಲ. ಇನ್‌ಫ್ಲಿಬ್‌ನೆಟ್‌ ಸಂಸ್ಥೆಯವರ ಶೋಧಗಂಗೋತ್ರಿ ಅನ್ನುವ ವೆಬ್‌ಸೈಟಿನಲ್ಲಿ ದೇಶದ ಬೇರೆ ಬೇರೆ ವಿಶ್ವವಿದ್ಯಾಲಯಗಳ ಸಿನಾಪ್ಸಿಸ್‌ಗಳು ಓದಲು ಸಿಗುತ್ತವೆ. ಮುಗಿದ ಪ್ರಬಂಧಗಳಿಗಿಂತ ಅವನ್ನು ಓದುವುದು ಶುರುವಿನಲ್ಲಿ ಜಾಸ್ತಿ ಉಪಯೋಗ.

ಬಂದ ಸಲಹೆಯನ್ನೆಲ್ಲ ಹಾಕಿಕೊಳ್ಳಬಾರದು. ಗೆಳತಿಗೂ ಮೈಸೂರು ಮಲ್ಲಿಗೆಯ ಜೊತೆ ಹೋಲಿಸು, ಮುಂಬೈಗೆ ಹೋಗುವ ಹೂವಿನ ಲೆಕ್ಕ ಹಾಕು, ಹವಾಮಾನ ಬದಲಾವಣೆ ಸೇರಿಸು ಅಂತ ಬಂತು. ಎಲ್ಲವೂ ಒಳ್ಳೆಯ ವಿಷಯಗಳೇ. ಆದರೆ ಅವಳ ಪ್ರಶ್ನೆ ಹೂ ಕಟ್ಟುವ ಸಮಯದ್ದು. ಅವಳೊಂದು ಪಟ್ಟಿ ಮಾಡಿದಳು. ಒಂದು ಕಡೆ ಬಂದ ಮಾತು, ಪಕ್ಕದಲ್ಲಿ ಒಪ್ಪಿದೆ ಅಥವಾ ಇಲ್ಲ, ಅದರ ಪಕ್ಕದಲ್ಲಿ ಯಾಕೆ. "ಇಲ್ಲ" ಅಂತ ಬರೆದ ಸಾಲುಗಳಿಗೆ ಕಾರಣ ಬರೆಯುವಾಗಲೇ ಅವಳ ವಿಷಯದ ಗಡಿ ಸ್ಪಷ್ಟವಾಯಿತು ಅಂತ ನನಗೆ ಅನಿಸಿತು. ಅದೇ ಪಟ್ಟಿ ಸಮಿತಿಯ ಮುಂದೆಯೂ ಕೆಲಸಕ್ಕೆ ಬರುತ್ತದೆ.

ಐಡಿಯಾ ಕದ್ದರೆ ಅನ್ನುವ ಭಯ ಹಲವರಿಗಿದೆ. ಅದನ್ನು ತಳ್ಳಿಹಾಕಲಾರೆ. ಗೊತ್ತಿರುವವರು, ನಂಬುವವರು ನಾಲ್ಕೈದು ಜನ ಸಾಕು. ಕರಡನ್ನು ಇಮೇಲ್‌ನಲ್ಲೇ ಕಳಿಸಿ, ತಾರೀಖು ಉಳಿಯುತ್ತದೆ. ಹೊರಗೆ ಹೇಳಬಾರದು ಅಂತ ಮೊದಲೇ ಮಾತಾಡಿಕೊಳ್ಳಿ. ಸಲಹೆ ಕೊಟ್ಟವರ ಹೆಸರನ್ನು ಪ್ರಬಂಧದ ಕೃತಜ್ಞತೆಯ ಪುಟದಲ್ಲಿ ಹಾಕಿ. ಫೀಲ್ಡಿಗೆ ಹೋಗಲು ಶುರುವಾದ ಮೇಲೆ, ಮಾತಾಡಿದವರ ಹೆಸರು, ಮನೆ ಯಾವುದನ್ನೂ ಗುಂಪಿಗೆ ತರಬೇಡಿ. ಅದು ಅವರು ನಮ್ಮನ್ನು ನಂಬಿ ಕೊಟ್ಟದ್ದು.

ಕಳೆದ ಸಲ ಒಂದು ವಿಷಯ ಇತ್ಯರ್ಥ ಆಗಲೇ ಇಲ್ಲ. ಹಲವು ಮನೆಗಳಲ್ಲಿ ಶಾಲೆಗೆ ಹೋಗುವ ಮಕ್ಕಳೂ ಹೂ ಎಣಿಸಿ ಕೊಡುತ್ತಾರೆ, ಕೆಲವರು ಕಟ್ಟುತ್ತಾರೆ ಕೂಡ. ಅವರ ಸಮಯವನ್ನು ಲೆಕ್ಕಕ್ಕೆ ಹಿಡಿಯಬೇಕಾ? ಹಿಡಿಯದಿದ್ದರೆ ಚೆಂಡಿನ ಲೆಕ್ಕಕ್ಕೂ ದೊಡ್ಡವರ ಸಮಯಕ್ಕೂ ತಾಳೆ ಬೀಳುವುದಿಲ್ಲ ಅನ್ನುವುದು ಸ್ಟ್ಯಾಟಿಸ್ಟಿಕ್ಸ್ ಸರ್ ವಾದ. ಶಾಲೆ ಬಿಟ್ಟ ಹೊತ್ತಿನಲ್ಲಿ, ಅಪಾಯವಿಲ್ಲದ ಮನೆ ಕೆಲಸದಲ್ಲಿ ಮಕ್ಕಳು ನೆರವಾಗುವುದಕ್ಕೆ ಬಾಲಕಾರ್ಮಿಕ ಕಾಯ್ದೆಯ 2016ರ ತಿದ್ದುಪಡಿಯಲ್ಲಿ ಅವಕಾಶ ಇದೆ, ಹಾಗಾಗಿ ಕೇಳಲು ಹಿಂಜರಿಯಬೇಕಿಲ್ಲ ಅಂತಲೂ ಹೇಳಿದರು. ಅಕ್ಕ ಒಪ್ಪಲಿಲ್ಲ. ಕಾನೂನು ನಮಗೆ ಗೊತ್ತು, ಅಮ್ಮಂದಿರಿಗೆ ಆ ಪ್ರಶ್ನೆ ಕೇಳಿದ ಕೂಡಲೇ ಹೆದರಿಕೆ ಆಗುತ್ತದೆ, ಆಮೇಲೆ ಬೇರೆ ಉತ್ತರಗಳನ್ನೂ ಬಿಗಿಹಿಡಿದು ಕೊಡುತ್ತಾರೆ ಅಂದರು. ಮಕ್ಕಳನ್ನೇ ಮಾತಾಡಿಸುವುದಾದರೆ ಹೆತ್ತವರ ಒಪ್ಪಿಗೆ, ಜೊತೆಗೆ ಮಗುವಿನ ಸಮ್ಮತಿ ಎರಡೂ ಬೇಕು, ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್‌ನ 2017ರ ಮಾರ್ಗಸೂಚಿಯ ಪ್ರಕಾರ 7ರಿಂದ 12 ವರ್ಷದವರದು ಬಾಯಿಮಾತಿನಲ್ಲಿ, ಅದಕ್ಕಿಂತ ದೊಡ್ಡವರದು ಬರಹದಲ್ಲಿ, ನೈತಿಕ ಸಮಿತಿಯೂ ಕೇಳುತ್ತದೆ ಅಂತ ನೆನಪಿಸಿದರು. ನಾನು ಅಕ್ಕನ ಕಡೆಗಿದ್ದೇನೆ, ಹುಡುಗ ಸರ್ ಕಡೆಗೆ. ಗೆಳತಿ ಎರಡೂ ರೀತಿಯಲ್ಲಿ ಪ್ರಶ್ನೆ ಬರೆದು ತರುತ್ತಾಳೆ. ಅಕ್ಕ ಅವೆರಡನ್ನೂ ತಾಯಿಗೆ ಓದಿ ಹೇಳಿ, ಅವರು ಏನಂದರು ಅಂತ ಮುಂದಿನ ಶನಿವಾರ ತಿಳಿಸುತ್ತಾರೆ.